ಎರಡಿಂಚು ಟೈಲರು ಹೊಲಿದ ದೇಶದ ಕೋಟು

ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದವರನ್ನು ಪ್ರಪಂಚದ ಯಾವ ಮೂಲೆಯಲ್ಲಿ ಬಿಟ್ಟರೂ ಗುರುತು ಹಿಡಿಯಬಹುದು. ನಾಲ್ಕು ಹೆಜ್ಜೆ ನಡೆದರೆಂದರೆ ಅವರ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಗಿ, ಹಾಕಿಕೊಂಡಿದ್ದನ್ನು ಒಮ್ಮೆ ಮೇಲಕ್ಕೆಳೆದು ವಾಪಸು ಬರುತ್ತದೆ. ಬೆಲ್ಟು ಬಿಗಿದಿದ್ದರೂ ಅಷ್ಟೇ. ಹಲ್ಲಿನ ಡಾಕ್ಟರು ಹಲ್ಲು ಕೀಳುವಾಗ ಮಧ್ಯದಲ್ಲಿ ಇಕ್ಕಳ ಕೆಳಗಿಟ್ಟು ಪ್ಯಾಂಟು ಎಳೆದುಕೊಂಡಿದ್ದನ್ನು ಬಾಯಿ ತೆರೆದುಕೊಂಡು ಕೂತವರೆಲ್ಲ ನೋಡಿದ್ದಾರೆ. ಇದು ರೋಗವಲ್ಲ. ಚಿಕ್ಕಂದಿನಲ್ಲಿ ಅವರೆಲ್ಲರ ಶಾಲೆ ಯೂನಿಫಾರ್ಮು ಹೊಲಿದವನು ಎರಡಿಂಚು ಟೈಲರು.

ಅವನ ಅಂಗಡಿ ಇರುವುದು ಬೀದಿಯ ತಿರುವಿನಲ್ಲಿ, ಪುಸ್ತಕದಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡು. ಒಂದು ಕಟಿಂಗ್ ಟೇಬಲ್ಲು, ಎರಡು ಮಷಿನ್ನು, ಗಿಡ್ಡ ಬೆಂಚು, ಮಕ್ಕಳ ಎತ್ತರಕ್ಕೆ ನೇತುಹಾಕಿದ ಕನ್ನಡಿ. ದೊಡ್ಡವರು ಆ ಕನ್ನಡಿಯ ಮುಂದೆ ನಿಂತರೆ ಕತ್ತಿನಿಂದ ಕೆಳಗೆ ಮಾತ್ರ ಕಾಣುತ್ತಾರೆ. ಒಂದು ಮಷಿನ್ನಿನಲ್ಲಿ ಅವನು, ಇನ್ನೊಂದರಲ್ಲಿ ಅವನ ಹೆಂಡತಿ. ಅಂಚು, ಕಾಜಾ, ಗುಂಡಿ ಎಲ್ಲ ಅವಳದು. ಅಳತೆ, ಕತ್ತರಿ, ಗಿರಾಕಿಯ ಜೊತೆ ವಾದ ಇವನದು.

ವಾದ ಯಾವಾಗಲೂ ಒಂದೇ, ಬಟ್ಟೆ ಅಳತೆಗಿಂತ ಎರಡಿಂಚು ದೊಡ್ಡದಾಯಿತು ಅನ್ನುವುದು. ತೋಳು ಉದ್ದವಾಯಿತಲ್ಲ ಅಂದರೆ, ಬೆಳೆಯೋ ಮಗು ಅನ್ನುತ್ತಿದ್ದ. ಸೊಂಟ ಸಡಿಲವಾಯಿತಲ್ಲ ಅಂದರೆ, ತಿನ್ನೋ ಮಗು ಅನ್ನುತ್ತಿದ್ದ. ಅವನು ಹೊಲಿದ ಅಂಗಿ ವರ್ಷದ ಮೊದಲರ್ಧ ದೊಡ್ಡದಾಗಿರುತ್ತಿತ್ತು, ಕೊನೆಯರ್ಧ ಚಿಕ್ಕದಾಗಿರುತ್ತಿತ್ತು. ನಡುವೆ ಒಂದೇ ಒಂದು ವಾರ ಸರಿಯಾಗಿ ಕೂರುತ್ತಿತ್ತು. ಆ ವಾರ ಶಾಲೆಗೆ ರಜ. ಒಂದನೇ ಕ್ಲಾಸಿನ ಒಬ್ಬ ಹುಡುಗ ಬೆಳಗ್ಗೆ ಇವನ ಚಡ್ಡಿಯೊಳಗೆ ಇಳಿದವನು ಹೊರಗೆ ಬರುವ ದಾರಿ ತಿಳಿಯದೆ ಮೂರನೇ ಪೀರಿಯಡ್ಡಿನಲ್ಲಿ ಸಿಕ್ಕ ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಯಾರೂ ಸುಳ್ಳು ಅಂದಿಲ್ಲ.

ಈ ಎರಡಿಂಚನ್ನು ಎಲ್ಲರಿಗಿಂತ ಹೆಚ್ಚು ಉಂಡವಳು ಅವನ ಒಬ್ಬಳೇ ಮಗಳು. ಬೇರೆ ಮಕ್ಕಳಿಗೆ ಯೂನಿಫಾರ್ಮು ಮಾತ್ರ ದೊಡ್ಡದು, ಅವಳಿಗೆ ಮನೆಯ ಫ್ರಾಕು, ಮಲಗುವ ಅಂಗಿ, ಮಳೆಯ ಕೋಟು ಎಲ್ಲವೂ ದೊಡ್ಡದೇ. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತಾರೆ. ಪುಟ್ಟಿ ಈಗ ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ದೀಪ ಹಾಕಬೇಕು. ಪಾರ್ಸಲ್ ಕಚೇರಿಯಲ್ಲಿ ಕೆಲಸ. ಬೇರೆಯವರು ಗಾಡಿಯಲ್ಲಿ ತಳ್ಳುವ ಪೆಟ್ಟಿಗೆಯನ್ನು ಅವಳು ಕೂತಲ್ಲಿಂದಲೇ ಲಾರಿಗೆ ಸೇರಿಸುತ್ತಾಳೆ. ಸಂಜೆ ಮೈದಾನದಲ್ಲಿ ಗುಂಡು ಎಸೆತ. ಅಪ್ಪ ಹೊಲಿದ ತೋಳುಗಳನ್ನು ದಿನವಿಡೀ ಮೇಲೆ ಮಡಿಸಿ ಮಡಿಸಿಯೇ ಅವಳ ಕೈಗೆ ಆ ಬಲ ಬಂತು ಎನ್ನುವುದು ನನ್ನ ಅಭಿಪ್ರಾಯ. ತರಬೇತಿ ಕೊಟ್ಟವರು ಬೇರೆ ಏನೇನೋ ಹೇಳುತ್ತಾರೆ, ಹೇಳಲಿ.

ಗುಂಡು ಎಸೆತದಲ್ಲಿ ದೇಶದ ದಾಖಲೆ ಅವಳ ಹೆಸರಿನಲ್ಲೇ ಇದೆ. ಅದಕ್ಕಿಂತ ಹಿಂದಿನದೂ ಅವಳದೇ. ಹಾಗಾಗಿ ಎಲ್ಲ ದೇಶಗಳೂ ಸೇರುವ ನಾಲ್ಕು ವರ್ಷಕ್ಕೊಮ್ಮೆಯ ಮಹಾ ಕ್ರೀಡಾಕೂಟಕ್ಕೆ ನಮ್ಮ ತಂಡ ಆರಿಸಿದಾಗ ಅವಳು ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆಶ್ಚರ್ಯ ಆಮೇಲೆ ಬಂತು. ಉದ್ಘಾಟನೆಯ ದಿನದ ಮೆರವಣಿಗೆಯಲ್ಲಿ ಬಾವುಟ ಹಿಡಿಯುವವಳೂ ಅವಳೇ ಅಂತ ತೀರ್ಮಾನವಾಯಿತು.

ನಮ್ಮದು ಎಷ್ಟು ದೊಡ್ಡ ತಂಡ ಅಂತ ಹೇಳಿಬಿಡುತ್ತೇನೆ. ಎಲ್ಲರೂ ಒಂದು ವ್ಯಾನಿನಲ್ಲಿ ಹಿಡಿಯುತ್ತಾರೆ, ಭಾರ ಎತ್ತುವವನು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತರೂ. ಮೆರವಣಿಗೆಯಲ್ಲಿ ನಮ್ಮ ಹಿಂದೆ ಮುಂದೆ ಬರುವ ದೇಶಗಳು ಮದುವೆ ದಿಬ್ಬಣದ ಹಾಗೆ ಬರುತ್ತವೆ. ಕಳೆದ ಸಲ ಮೈಕಿನವನು ನಮ್ಮ ದೇಶದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ತಂಡ ದಾಟಿಹೋಗಿತ್ತು. ಪದಕ ಅನ್ನುವುದನ್ನು ನಾವು ಬೇರೆಯವರ ಕತ್ತಿನಲ್ಲಿ ನೋಡಿದ್ದೇವೆ. ಹಾಗಾಗಿ ನಮ್ಮವರು ಸೋಲದೆ ಮುಗಿಸಬಹುದಾದ ಪಂದ್ಯ ಅಂದರೆ ಮೆರವಣಿಗೆ ಒಂದೇ. ನಡೆದರೆ ಸಾಕು. ಆದರೆ ನೋಡುವ ಹಾಗೆ ನಡೆಯಬೇಕು.

ತಂಡದ ಮ್ಯಾನೇಜರು ನಮ್ಮ ಬೀದಿಯವನೇ. ಒಂದು ದಿನ ಮೆರವಣಿಗೆಯ ಕೋಟುಗಳಿಗೆಂದು ಕಡುಹಸಿರು ಬಟ್ಟೆಯ ದೊಡ್ಡ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಬಂದ. ಎರಡೂ ಕೈ ಸುರುಳಿಯ ಮೇಲಿದ್ದದ್ದರಿಂದ ಪ್ಯಾಂಟು ಎಳೆದುಕೊಳ್ಳಲಾಗದೆ ಒದ್ದಾಡುತ್ತಿದ್ದ. ಎದುರುಗಡೆ ಗಾಜಿನ ಬಾಗಿಲು ಹಾಕಿಕೊಂಡು ಕೂತಿರುವ ಸೂಟಿನ ಟೈಲರನ್ನು ಬಿಟ್ಟು ಇಲ್ಲಿಗೇಕೆ ಬಂದ ಅಂದರೆ, ಬಾವುಟ ಹಿಡಿಯುವವಳ ಅಪ್ಪನೇ ಟೈಲರಾಗಿರುವಾಗ ಬೇರೆಯವನಿಗೆ ಕೊಟ್ಟರೆ ಬೀದಿಯಲ್ಲಿ ಮುಖ ತೋರಿಸುವುದು ಹೇಗೆ ಅಂದ. ಎರಡಿಂಚು ಟೈಲರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ, ಒಂದು ದಾರ ಎಳೆದು ಹಲ್ಲಲ್ಲಿ ಕಚ್ಚಿದ. ಜೀವಮಾನದಲ್ಲಿ ಅವನು ಬೆಳೆದು ಮುಗಿದವರಿಗೆ ಒಂದು ಕರವಸ್ತ್ರವನ್ನೂ ಹೊಲಿದುಕೊಟ್ಟವನಲ್ಲ. ಈಗ ದೇಶವೇ ಅಳತೆ ಕೊಡುತ್ತೇನೆ ಅಂತ ಬಂದು ನಿಂತಿತ್ತು.

ಆ ಸಂಜೆ ಮಗಳು ಕೆಲಸ ಮುಗಿಸಿ ಬಂದವಳು ಕಟಿಂಗ್ ಟೇಬಲ್ಲಿಗೆ ಒರಗಿಕೊಂಡು, ಬಟ್ಟೆ ನೋಡಿ, ಬಣ್ಣ ಚೆನ್ನಾಗಿದೆ ಅಂದಳು. ಆಮೇಲೆ ಅಂದಳು:

"ಅಪ್ಪ, ಒಂದೇ ಮಾತು. ಹುಟ್ಟಿದಾಗಿಂದ ನಿನ್ನ ಬಟ್ಟೆ ಹಾಕ್ಕೊಂಡಿದ್ದೀನಿ. ಒಂದು ಸಲನೂ ನನ್ನ ಬಟ್ಟೆ ಹಾಕ್ಕೊಂಡಿಲ್ಲ. ಇದನ್ನ ನನ್ನ ಅಳತೆಗೆ ಹೊಲಿ."

"ಹೊಲೀತೀನಲ್ಲ," ಅಂದ ಅವನು.

"ಹೊಲೀತೀನಿ ಅಂತ ಹಿಂದೆನೂ ಅಂದಿದ್ದೆ. ಈ ಸಲನೂ ದೊಡ್ಡದಾದ್ರೆ ಬಾವುಟ ಬೇರೆಯವರು ಹಿಡೀಲಿ. ನಾನು ರೂಮಲ್ಲೇ ಕೂತಿರ್ತೀನಿ. ಜಗಳ ಮಾಡ್ತಿಲ್ಲ, ಹೇಳ್ತಿದ್ದೀನಿ ಅಷ್ಟೆ."

ಅವಳು ಹೇಳಿದರೆ ಹೇಳಿದ ಹಾಗೆ ಅಂತ ಅಪ್ಪ ಅಮ್ಮ ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಒಂದು ರಟ್ಟಿನ ಮೇಲೆ 'ಇವರು ಇನ್ನು ಬೆಳೆಯುವುದಿಲ್ಲ' ಅಂತ ದೊಡ್ಡ ಅಕ್ಷರದಲ್ಲಿ ಬರೆದು ಮಷಿನ್ನಿನ ಎದುರು ಗೋಡೆಗೆ ಅಂಟಿಸಿದಳು. ಅವನೂ ಕೈ ಬಿಗಿ ಹಿಡಿಯುತ್ತೇನೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ. ಇಷ್ಟು ದೊಡ್ಡ ಕೆಲಸಕ್ಕೆ ಹಳೆಯ ಟೇಪು ಸಲ್ಲದೆಂದು ಹೊಸ ಅಳತೆ ಟೇಪನ್ನೇ ಕೊಂಡುತಂದ.

ಅಳತೆಯ ದಿನ ತಂಡ ಅಂಗಡಿಯ ಮುಂದೆ ಸಾಲು ನಿಂತಿತು. ಭಾರ ಎತ್ತುವವನ ಎದೆ ಸುತ್ತಿ ಬರಲು ಟೈಲರು ಇಲ್ಲಿಂದ ಹೊರಟು ಅಲ್ಲಿ ತಲುಪುವಷ್ಟರಲ್ಲಿ ಟೀ ಆರಿಹೋಯಿತು. ವೇಗದ ನಡಿಗೆಯ ಹೆಂಗಸು ನಿಂತಲ್ಲಿ ನಿಲ್ಲುವವಳಲ್ಲ. ಅವಳ ತೋಳಿನ ಅಳತೆಯನ್ನು ಬೀದಿಯ ಕೊನೆಯವರೆಗೂ ಜೊತೆಯಲ್ಲಿ ನಡೆದುಕೊಂಡೇ ತೆಗೆಯಬೇಕಾಯಿತು. ಬಂದೂಕಿನ ಗುರಿಕಾರ ಮಾತ್ರ ಗೊಂಬೆಯ ಹಾಗೆ ಅಲ್ಲಾಡದೆ ನಿಂತ. ಅಳತೆ ಮುಗಿದ ಮೇಲೂ ನಿಂತೇ ಇದ್ದ, ಯಾರೋ ಊಟಕ್ಕೆ ಕರೆದ ಮೇಲೆ ಹೋದ. ಕೊನೆಯಲ್ಲಿ ಮಗಳ ಅಳತೆ. ಅಪ್ಪ ಟೇಪು ಹಿಡಿದು ಓದಿದ, ಅಮ್ಮ ಬರೆದುಕೊಂಡಳು. ಒಂದಕ್ಕೂ ಏನನ್ನೂ ಕೂಡಿಸಲಿಲ್ಲ. ಅವನ ಕಣ್ಣು ರಟ್ಟಿನ ಮೇಲೇ ಇತ್ತು.

ಅವನ ಅಂಗಡಿಯಲ್ಲಿ ಟ್ರಯಲ್ ಅನ್ನುವ ಪದ್ಧತಿ ಇಲ್ಲ. ಮಕ್ಕಳ ಅಳತೆ ಒಮ್ಮೆ ತೆಗೆದುಕೊಂಡರೆ, ಶಾಲೆ ಶುರುವಾಗುವ ಹಿಂದಿನ ದಿನ ಬಟ್ಟೆ ಕೈಗೆ. ಕೂತಿತೋ ಇಲ್ಲವೋ ಅಂತ ನೋಡುವುದಕ್ಕೆ ಮಗು ಅಷ್ಟರಲ್ಲಿ ಅದೇ ಮಗುವಾಗಿ ಉಳಿದಿರಬೇಕಲ್ಲ. ಅದೇ ಕ್ರಮದಲ್ಲಿ ತಂಡಕ್ಕೂ, ಹೊರಡುವ ದಿನ ಬೆಳಗ್ಗೆ ಬನ್ನಿ ಅಂದ. ಮಧ್ಯಾಹ್ನ ನಾಲ್ಕಕ್ಕೆ ವಿಮಾನ ನಿಲ್ದಾಣಕ್ಕೆ ಬಸ್ಸು.

ಬಂದರು. ಹಾಕಿಕೊಂಡರು.

ಕೋಟುಗಳ ಹೊಲಿಗೆಯಲ್ಲಿ ಕೊಂಕು ತೆಗೆಯುವ ಹಾಗಿರಲಿಲ್ಲ. ಕಾಲರು ಕತ್ತಿಯ ಅಂಚಿನ ಹಾಗೆ, ಕಾಜಾ ಮುತ್ತು ಪೋಣಿಸಿದ ಹಾಗೆ. ಒಳಗಿದ್ದವರು ಮಾತ್ರ ಅಪ್ಪಂದಿರ ಕೋಟು ಕದ್ದು ಹಾಕಿಕೊಂಡ ಮಕ್ಕಳ ಹಾಗಿದ್ದರು. ಭುಜಗಳು ಭುಜದಿಂದಾಚೆಗೆ ಇಳಿದಿದ್ದವು. ಗುರಿಕಾರ ತನ್ನ ಬೆರಳಿಗಾಗಿ ತೋಳಿನೊಳಗೆ ಹುಡುಕುತ್ತಿದ್ದ. ಭಾರ ಎತ್ತುವವನನ್ನೇ ಸಣಕಲು ಮಾಡಿದ ಕೋಟು ಭೂಮಿಯ ಮೇಲೆ ಅದೊಂದೇ ಇರಬೇಕು. ಎದುರುಗಡೆಯ ಸೂಟಿನ ಟೈಲರು ಅದಾಗಲೇ ತನ್ನ ಗಾಜಿನ ಬಾಗಿಲು ದಾಟಿ ರಸ್ತೆಗೆ ಬಂದಿದ್ದ.

"ಏನಪ್ಪಾ, ಟೀಮು ಹೋಗ್ತಿರೋದು ಈ ಸಲದ ಆಟಕ್ಕೋ, ಬರೋ ಸಲದ್ದಕ್ಕೋ?"

ತಂಡದವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಮ್ಯಾನೇಜರೂ ನಕ್ಕು, ಹೋಗಲಿ ಬಿಡಿ, ಟ್ರ್ಯಾಕ್‌ಸೂಟಿನಲ್ಲೇ ನಡೆದರಾಯಿತು ಅಂದ. ಮಗಳು ನಗಲಿಲ್ಲ. ತೋಳಿನ ತುದಿಯಿಂದ ಇಣುಕುತ್ತಿದ್ದ ಬೆರಳುಗಳನ್ನು ನೋಡಿಕೊಂಡಳು. ಕೋಟು ತೆಗೆದಳು. ನೀಟಾಗಿ ಮಡಿಸಿ ಟೇಬಲ್ಲಿನ ಮೇಲಿಟ್ಟಳು.

"ನಿನ್ನ ಕಣ್ಣಿಗೆ ನಾನು ಪೂರ್ತಿ ಬೆಳೆದಿರೋದು ಯಾವಾಗಪ್ಪ?" ಅಂದಳು. ದನಿ ಏರಿಸಲಿಲ್ಲ.

ಟೈಲರು ಕೂಡಿಸಿಲ್ಲ ಅಂದ. ದೇವರಾಣೆ ಒಂದು ನೂಲೂ ಕೂಡಿಸಿಲ್ಲ ಅಂದ. ಬರೆದುಕೊಂಡವಳು ತಪ್ಪು ಬರೆದಿರಬೇಕು ಅಂದ. ಅದನ್ನು ಅನ್ನಬಾರದಿತ್ತು. ಹೆಂಡತಿ ಕಾಜಾ ಸೂಜಿಯನ್ನು ಕೆಳಗಿಟ್ಟು ಎದ್ದು ಬಂದಳು. ಅವನ ಕತ್ತಿನಲ್ಲಿದ್ದ ಹೊಸ ಟೇಪನ್ನು ಎಳೆದುಕೊಂಡು, ಕಟಿಂಗ್ ಟೇಬಲ್ಲಿನ ಅಂಚಿಗೆ ಮೊಳೆ ಹೊಡೆದಿದ್ದ ಮರದ ಅಳತೆ ಪಟ್ಟಿಯ ಪಕ್ಕದಲ್ಲಿ ಹಾಸಿದಳು. ಪಟ್ಟಿ ಒಂದರಿಂದ ಶುರುವಾಗಿತ್ತು. ಟೇಪು ಮೂರರಿಂದ ಶುರುವಾಗಿತ್ತು.

"ಇದರ ತಲೆ ಎಲ್ರೀ?" ಅಂದಳು.

ಅವನು ಟೇಪು ನೋಡಿದ. ಪಟ್ಟಿ ನೋಡಿದ. ಮೆಲ್ಲಗೆ ಗಿಡ್ಡ ಬೆಂಚಿನ ಮೇಲೆ ಕೂತ.

ವಿಷಯ ಇಷ್ಟು. ಅಂಗಡಿ ತೆರೆದ ಹೊಸದರಲ್ಲಿ, ಪ್ರತಿ ಮಗುವಿಗೂ ಮನಸ್ಸಿನಲ್ಲೇ ಎರಡು ಕೂಡಿಸುವುದು ಯಾಕೆಂದು ಅವನು ಟೇಪಿನ ಮೊದಲ ಎರಡಿಂಚನ್ನು ಕತ್ತರಿಸಿ, ತುದಿಯ ಹಿತ್ತಾಳೆ ಚೂರನ್ನು ಮತ್ತೆ ಅಲ್ಲಿಗೇ ಚಚ್ಚಿಬಿಟ್ಟಿದ್ದ. ಮೈಯನ್ನು ಟೇಪಿನಲ್ಲಿ ಅಳೆದರೆ ಲೆಕ್ಕ ಎರಡು ಹೆಚ್ಚೇ ಬರುತ್ತಿತ್ತು. ಬಟ್ಟೆಯನ್ನು ಟೇಬಲ್ಲಿನ ಪಟ್ಟಿಯ ಮೇಲೆ ಕತ್ತರಿಸಿದರೆ ಅದು ಹಾಗೆಯೇ ಬಟ್ಟೆಗೆ ಇಳಿಯುತ್ತಿತ್ತು. ಆಮೇಲೆ ಎಷ್ಟು ಟೇಪು ಸವೆದವೋ, ಹೊಸದು ತಂದಾಗಲೆಲ್ಲ ಮೊದಲ ಕೆಲಸವೇ ಅದು. ಬಾಳೆಹಣ್ಣಿನ ಸಿಪ್ಪೆ ಸುಲಿಯುವಾಗ ಯಾರಾದರೂ ಯೋಚಿಸುತ್ತಾರೆಯೇ? ಎರಡಿಂಚು ಬರುತ್ತಿದ್ದದ್ದು ತನ್ನ ಕೈಯ ಧಾರಾಳದಿಂದ ಅಂತ ಅವನೇ ನಂಬಿಕೊಂಡುಬಿಟ್ಟಿದ್ದ. ಈ ಸಲ ಕೈಯನ್ನು ಬಿಗಿಹಿಡಿದ. ದೇಶಕ್ಕೆಂದು ತಂದ ಹೊಸ ಟೇಪಿನ ತಲೆಯನ್ನು ಮಾತ್ರ, ಮನೆಗೆ ತಂದ ಗಳಿಗೆಯಲ್ಲೇ, ರಟ್ಟಿನ ಎದುರು ಕೂತೇ ಹಾರಿಸಿದ್ದ.

ಮ್ಯಾನೇಜರಿಗೆ ಆಗ ಜ್ಞಾನೋದಯವಾಗಿರಬೇಕು. ಸೊಂಟಕ್ಕೆ ಹೊರಟ ಕೈಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ ಅದನ್ನೇ ನೋಡುತ್ತಾ ನಿಂತ.

ಟೈಲರು ಬೆಂಚಿನಿಂದ ಎದ್ದು, ಬಸ್ಸು ನಾಲ್ಕಕ್ಕೆ ತಾನೆ ಅಂದ. ಎಲ್ಲ ಬಿಚ್ಚಿ ಅಂದ. ಬಿಚ್ಚುವುದಕ್ಕೆ ಬ್ಲೇಡು ಕೊಟ್ಟ. ನಮ್ಮ ದೇಶದ ತಂಡ ಅಷ್ಟು ಒಗ್ಗಟ್ಟಿನಿಂದ ಆಡಿದ್ದನ್ನು ನಾನು ಯಾವ ಮೈದಾನದಲ್ಲೂ ನೋಡಿಲ್ಲ. ಗುರಿಕಾರ ಸೂಜಿಗೆ ದಾರ ಪೋಣಿಸುವ ಕೆಲಸಕ್ಕೆ ಕೂತ. ಬೀದಿಯ ಆಚೆ ತುದಿಯಿಂದ ಎಸೆದರೂ ದಾರ ಕಣ್ಣಿನೊಳಗೇ ಹೋಗುತ್ತಿತ್ತು. ನಡಿಗೆಯವಳು ಅಂಗಡಿಗೂ ದಾರದ ಅಂಗಡಿಗೂ ಎಷ್ಟು ಸಲ ಹೋಗಿ ಬಂದಳೆಂದರೆ ರಸ್ತೆ ಅಲ್ಲಿ ಈಗಲೂ ತಗ್ಗಾಗಿದೆ. ಭಾರ ಎತ್ತುವವನಿಗೆ ಇಸ್ತ್ರಿ ಪೆಟ್ಟಿಗೆ. ಮಗಳು ಮೂಲೆಯಲ್ಲಿ ಕೂತು ಎಲ್ಲರ ತೋಳಿನ ಹೊಲಿಗೆಗಳನ್ನೂ ಒಂದೊಂದಾಗಿ ಬಿಚ್ಚಿ ಕೊಟ್ಟಳು. ತನ್ನ ಕೋಟನ್ನು ಮುಟ್ಟಲಿಲ್ಲ.

ಸೂಟಿನ ಟೈಲರು ಬಾಗಿಲಲ್ಲೇ ನಿಂತು ಭುಜ ಹಾಗೆ ಹಿಡಿಯಬೇಡ, ಹೀಗೆ ಹಿಡಿ ಅಂತ ಕೈಸನ್ನೆ ಮಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಬೈಯುತ್ತಲೇ ಎರಡು ಕೋಟು ಎತ್ತಿಕೊಂಡು ತನ್ನ ಮಷಿನ್ನಿಗೆ ಹೋದ. ಅವನಿಗೆ ನಮ್ಮವನ ಮೇಲೆ ಪ್ರೀತಿ ಉಕ್ಕಿತು ಅಂತಲ್ಲ. ಜೋತುಬಿದ್ದ ಭುಜವನ್ನು ಹಾಗೆಯೇ ಬಿಟ್ಟು ಹೋಗುವುದು ಅವನ ಕೈಲಾಗುವುದಿಲ್ಲ.

ಎಲ್ಲರದ್ದೂ ಹೆಚ್ಚುವರಿ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿದದ್ದಾಯಿತು. ಶಾಲೆ ಬಟ್ಟೆಯ ಕ್ರಮ ಅದು, ಮುಂದೆ ಬೇಕಾದರೆ ಬಿಚ್ಚಬಹುದು. ಉಳಿದದ್ದು ಮಗಳ ಕೋಟು. ಅವನು ಅದನ್ನು ಬಿಚ್ಚಿ ಹಾಸಿ, ಸೂಟಿನವನ ಹತ್ತಿರ ತಲೆಯಿರುವ ಟೇಪು ಇಸಕೊಂಡು, ಮಗಳನ್ನು ಮತ್ತೆ ಅಳೆದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮಡಿಸುವುದಕ್ಕೆ ಹೋದ.

"ನಂದು ಮಡಿಸ್ಬೇಡ," ಅಂದಳು ಮಗಳು. "ಕತ್ತರಿಸು."

"ಒಳಗಡೆ ಇರುತ್ತಲ್ಲೇ. ಯಾರಿಗೆ ಕಾಣುತ್ತೆ?"

"ನನಗೆ ಗೊತ್ತಿರುತ್ತೆ."

"ನಾಳೆ ಬೇಕಾದ್ರೆ ಏನು ಮಾಡ್ತೀಯ?"

"ನಾಳೆದು ನಾನು ನೋಡ್ಕೋತೀನಿ. ನಾನು ಬೆಳೆದಾಯ್ತಪ್ಪ."

ಹೆಂಡತಿ ಕತ್ತರಿಯನ್ನು ಅವನ ಕೈಗೆ ಹತ್ತಿರ ಸರಿಸಿದಳು. ಅವನು ಎತ್ತಿಕೊಂಡ, ಕೆಳಗಿಟ್ಟ, ಕನ್ನಡಕ ಒರೆಸಿಕೊಂಡ. ಗಡಿಯಾರ ಯಾರಿಗೂ ಕಾಯುತ್ತಿರಲಿಲ್ಲ. ಆಮೇಲೆ ಗೆರೆಯ ಮೇಲೆ ಕತ್ತರಿ ಓಡಿತು. ಕಡುಹಸಿರು ಪಟ್ಟಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಹಿಡಿಯಗಲದ ಚೂರನ್ನೂ ಜೇಬು ಮಾಡುವವನು ಅವನು. ಅವತ್ತು ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳಲಿಲ್ಲ.

ಹೊಲಿಗೆ ಮುಗಿದಾಗ ಮೂರು ದಾಟಿತ್ತು. ಮಗಳು ಹಾಕಿಕೊಂಡಳು. ಅಂಗಡಿಯ ಕನ್ನಡಿಯಲ್ಲಿ ಹೊಟ್ಟೆ ಮಾತ್ರ ಕಾಣುತ್ತಿತ್ತು. ಅವಳು ರಸ್ತೆ ದಾಟಿ ಸೂಟಿನವನ ಅಂಗಡಿಗೆ ಹೋಗಿ, ಅಲ್ಲಿಯ ಆಳೆತ್ತರದ ಕನ್ನಡಿಯ ಮುಂದೆ ನಿಂತಳು. ಮುಂದಿನಿಂದ ನೋಡಿಕೊಂಡಳು, ಪಕ್ಕದಿಂದ ನೋಡಿಕೊಂಡಳು, ಕತ್ತು ತಿರುಗಿಸಿ ಹಿಂದಿನಿಂದ ನೋಡಿಕೊಂಡಳು. ಬಸ್ಸಿಗೆ ಹೊತ್ತಾಯಿತು ಅಂತ ಮ್ಯಾನೇಜರು ಕೂಗುತ್ತಿದ್ದ, ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಟೈಲರು ತನ್ನ ಬಾಗಿಲಲ್ಲಿ ನಿಂತು, ನಡುವೆ ಓಡಾಡುವ ಗಾಡಿಗಳ ಸಂದಿಯಲ್ಲಿ ಗಾಜಿನೊಳಗಿನ ಆ ದೊಡ್ಡ ಹೆಂಗಸನ್ನು ನೋಡುತ್ತಿದ್ದ. ಯಾರೋ ಗುರುತಿನವರನ್ನು ಬಹಳ ದಿನದ ಮೇಲೆ ಕಂಡವರು ಹಾಗೆ ನೋಡುತ್ತಾರೆ.

"ಚೆನ್ನಾಗಿ ಕೂತಿದೆ," ಅಂದ ಹೆಂಡತಿಗೆ.

"ಕೂತಿದೆ," ಅಂದಳು ಅವಳು.

ಮೆರವಣಿಗೆಯನ್ನು ಬೀದಿಯವರೆಲ್ಲ ಅಂಗಡಿಗೆ ತಂದಿಟ್ಟ ಟಿವಿಯಲ್ಲಿ ನೋಡಿದೆವು. ಒಳಗೆ ಹಿಡಿಸದವರು ಹೊರಗೆ, ಹೊರಗೆ ಹಿಡಿಸದವರು ಕ್ಷೌರದಂಗಡಿಯ ಕುರ್ಚಿಯಲ್ಲಿ. ಟೈಲರು ಪ್ರಪಂಚದ ಒಂದು ದೇಶವನ್ನೂ ಬಿಡಲಿಲ್ಲ. ಆ ದೇಶದವರ ಕಾಲರು ಎದ್ದಿದೆ, ಈ ದೇಶದವರ ತೋಳು ತಿರುಚಿದೆ, ಇಷ್ಟು ದುಡ್ಡಿರುವ ದೇಶಕ್ಕೆ ಒಬ್ಬ ಇಸ್ತ್ರಿಯವನು ಸಿಗಲಿಲ್ಲವೇ ಅಂತ ಒಂದೇ ಸಮನೆ ಹೇಳುತ್ತಿದ್ದ. ಸೂಟಿನ ಟೈಲರು ಪಕ್ಕದಲ್ಲೇ ಕೂತು ಹೌದು ಹೌದು ಅನ್ನುತ್ತಿದ್ದ. ನಮ್ಮ ತಂಡ ಬಂದಾಗ ಇಬ್ಬರೂ ಬಾಯಿ ಮುಚ್ಚಿದರು. ಬಾವುಟ, ಅದರ ಕೆಳಗೆ ಪುಟ್ಟಿ, ಅವಳ ಹಿಂದೆ ಒಂದು ವ್ಯಾನಿನಷ್ಟು ಜನ. ಭುಜ ಭುಜದಲ್ಲಿತ್ತು, ತೋಳು ಮಣಿಕಟ್ಟಿನಲ್ಲಿ ನಿಂತಿತ್ತು. ಮೈಕಿನವನು ಈ ಸಲ ದೇಶದ ಹೆಸರನ್ನು ಪೂರ್ತಿ ಹೇಳಿ ಮುಗಿಸಿದ. ಅವಳು ಅಷ್ಟು ನಿಧಾನವಾಗಿ ನಡೆಯುತ್ತಿದ್ದಳು.

ಗುಂಡು ಎಸೆತದಲ್ಲಿ ಅವಳು ಕೊನೆಯಿಂದ ಮೂರನೆಯವಳಾದಳು. ದೇಶದ ದಾಖಲೆ ಮಾತ್ರ ಮತ್ತೊಮ್ಮೆ ಮುರಿದಳು. ಸುದ್ದಿಯವರಿಗೆ ಮೊದಲನೆಯದು ಸಿಕ್ಕಿತು, ಬೀದಿಗೆ ಎರಡನೆಯದು.

ಸಮಾರೋಪದ ಮೆರವಣಿಗೆಗೆ ಎರಡು ದಿನ ಇರುವಾಗ ಫೋನು ಮಾಡಿದಳು. ಬೀದಿಯವರಿಗೂ ಕೇಳಲೆಂದು ಹೆಂಡತಿ ದನಿ ದೊಡ್ಡದು ಮಾಡಿ ಮಷಿನ್ನಿನ ಮೇಲಿಟ್ಟಳು. ಅಲ್ಲಿಯ ಊಟದ ಮನೆಯ ಕಥೆಯನ್ನೇ ಬಹಳ ಹೊತ್ತು ಹೇಳಿದಳು. ಎಲ್ಲ ದೇಶದ ಅಡುಗೆಯೂ ಇದೆಯಂತೆ, ಯಾವ ಹೊತ್ತಿಗೆ ಹೋದರೂ ಬಡಿಸುತ್ತಾರಂತೆ, ಯಾರೂ ಸಾಕು ಅನ್ನುವುದಿಲ್ಲವಂತೆ. ಸ್ಪರ್ಧೆ ಮುಗಿದ ಮೇಲೆ ಭಾರ ಎತ್ತುವವನೂ ಅವಳೂ ಅಲ್ಲಿಂದ ಹೊರಗೇ ಬಂದಿಲ್ಲವಂತೆ. ಆಮೇಲೆ ಅಂದಳು:

"ಅಪ್ಪ, ಕೋಟಿನ ಗುಂಡಿ ಹಾಕೋಕೆ ಆಗ್ತಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ಅವನ ಮುಖ ನೋಡಿದೆವು. ಹೆಂಡತಿ ಅವನ ಮೊಣಕೈ ಹಿಡಿದುಕೊಂಡಳು. ಇಂಥ ಅವಕಾಶ ಮನುಷ್ಯನಿಗೆ ಜನ್ಮಕ್ಕೊಂದು ಸಲ ಬರುವುದು. ಬೇರೆ ಯಾರಾಗಿದ್ದರೂ ಅದನ್ನು ಕೈಬಿಡುತ್ತಿರಲಿಲ್ಲ, ನಾನಂತೂ ಬಿಡುತ್ತಿರಲಿಲ್ಲ. ಅವನು ಫೋನಿನ ಕಡೆಗೆ ಬಗ್ಗಿದ.

"ಹಾಕ್ಬೇಡ," ಅಂದ. "ಬಿಚ್ಕೊಂಡೇ ನಡಿ. ಗಾಳಿ ಆಡುತ್ತೆ."

"ಬೇರೇನೂ ಹೇಳಲ್ವಾ?" ಅಂದಳು.

"ಇನ್ನೆರಡು ದಿನ ಇದೆಯಲ್ಲ ಪುಟ್ಟಿ. ಸಂಕೋಚ ಮಾಡ್ಕೋಬೇಡ, ತಿನ್ನು."